ಅನ್‌ಫಿಟ್ ಎಂದವರು, ಫಿಟ್ ಆದವರು

ಕಿವಿಯಲ್ಲಿ ಗುಗ್ಗೆ ಕಟ್ಟಿದ್ದರಿಂದ ಹುಡುಗನೊಬ್ಬ ಸೇನಾಧಿಕಾರಿ ಆಗುವುದು ತಪ್ಪೀತು ಎಂದರೆ ಕೇಳಿದವರು ನಗುತ್ತಾರೆ. ಆದರೆ ಎನ್‌ಡಿಎ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಪರೀಕ್ಷೆಗೆ ಯುಪಿಎಸ್‌ಸಿ ಹೊರಡಿಸುವ ಅಧಿಸೂಚನೆಯ ಅನುಬಂಧ ತೆರೆದು ನೋಡಿ. ಮೆಡಿಕಲ್‌ಗೆ ಬರುವ ಮುಂಚೆಯೇ ಸರಿಮಾಡಿಸಿಕೊಂಡು ಬನ್ನಿ ಎಂದು ಹೇಳುವ ಪಟ್ಟಿಯಲ್ಲಿ ಕಿವಿಯ ಗುಗ್ಗೆಗೂ ಜಾಗವಿದೆ. ಜೊತೆಗೆ ಸೊಟ್ಟಗಾದ ಮೂಗಿನ ನಡುಗೋಡೆ, ಹೈಡ್ರೋಸೀಲ್, ಹೆಚ್ಚಿದ ಅಥವಾ ಇಳಿದ ತೂಕ, ಸಾಲದ ಎದೆಯಳತೆ, ಮೂಲವ್ಯಾಧಿ, ಟಾನ್ಸಿಲ್, ವೆರಿಕೋಸೀಲ್. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೆ ದಿನ ಬೆಳಗಾದರೆ ಬರುವ ತೊಂದರೆಗಳೇ ಇವೆಲ್ಲ. ಮದ್ದು ಮಾಡಿಸಿಕೊಂಡರೆ ಹೋಗುವಂಥವು. ಮಾಡಿಸಿಕೊಳ್ಳದೆ ಹೋದರೆ ವರ್ಷಗಟ್ಟಲೆ ಓದಿದ್ದೆಲ್ಲ ನೀರಿಗೆ ಬೀಳುವಂಥವು.

ಶಿವಮೊಗ್ಗ, ಭದ್ರಾವತಿ ಕಡೆಯ ಹುಡುಗರಿಗೆ ಸೇನಾಧಿಕಾರಿಯಾಗುವ ದಾರಿ ಮೂರು ಮೆಟ್ಟಿಲಿನದು. ಪಿಯುಸಿ ಹೊತ್ತಿಗೆ ಎನ್‌ಡಿಎ ಅಥವಾ ಡಿಗ್ರಿ ಹೊತ್ತಿಗೆ ಸಿಡಿಎಸ್ ಲಿಖಿತ ಪರೀಕ್ಷೆ ಮೊದಲನೆಯದು. ಅದು ದಾಟಿದರೆ ಅಧಿಕಾರಿ ಆಯ್ಕೆ ಮಂಡಳಿ, ಎಸ್‌ಎಸ್‌ಬಿ. ರಾತ್ರಿ ರೈಲು ಹತ್ತಿ ಬೆಂಗಳೂರಿನ ಆಯ್ಕೆ ಕೇಂದ್ರಕ್ಕೋ, ವಾಯುಪಡೆಯಾದರೆ ಮೈಸೂರಿನ ಮಂಡಳಿಗೋ ಹೋಗಬೇಕು. ಕರೆ ಬಂದರೆ ಭೋಪಾಲ್, ಪ್ರಯಾಗರಾಜ್‌ವರೆಗೂ. ಮೊದಲ ದಿನವೇ ವಾಪಸ್ ಬಂದವರು ‘ಸ್ಕ್ರೀನ್ ಔಟ್’. ಐದನೇ ದಿನದ ತನಕ ನಿಂತು ಬಂದವರು ‘ಕಾನ್ಫರೆನ್ಸ್ ಔಟ್’. ಈ ಎರಡನ್ನೂ ದಾಟಿ ‘ರೆಕಮೆಂಡ್’ ಆದವನು ಎದೆಯ ಮೇಲೆ ಹೊಸ ನಂಬರು ಅಂಟಿಸಿಕೊಂಡು ಮಿಲಿಟರಿ ಆಸ್ಪತ್ರೆಗೆ ನಡೆಯುತ್ತಾನೆ. ಬುದ್ಧಿ, ಧೈರ್ಯ, ಮಾತು ಎಲ್ಲ ಗೆದ್ದ ಮೇಲೆ ಅಲ್ಲಿ ಮೊಣಕಾಲು, ಕಣ್ಣು, ಕಿವಿಗಳ ಸರದಿ. ಈ ಹುಡುಗರ ಬಾಯಲ್ಲಿ ‘ಮೆಡಿಕಲ್ ಔಟ್’ ಎನ್ನುವುದು ಎಲ್ಲಕ್ಕಿಂತ ಹೊಟ್ಟೆ ಉರಿಸುವ ಮಾತು.

ಅಮೆರಿಕದಲ್ಲಿ ಇಂಥವರಿಗೆ ಇನ್ನೊಂದು ಬಾಗಿಲಿದೆ. ಅಲ್ಲಿ ಅಧಿಕಾರಿ ತರಬೇತಿಗೆ ಅರ್ಜಿ ಹಾಕಿದವರ ಆರೋಗ್ಯವನ್ನು ನೋಡುವ ಮಂಡಳಿಯೇ ಬೇರೆ, ನಿಯಮ ಸಡಿಲಿಸುವ ಅಧಿಕಾರ ಇರುವವರೇ ಬೇರೆ. ಹದಿಹರೆಯದಲ್ಲಿ ಆಸ್ತಮಾ ಇದ್ದವನನ್ನು ಮಂಡಳಿ ಅನರ್ಹ ಎಂದು ಬರೆದರೂ, ಸೇರಿಸಿಕೊಳ್ಳುವ ಅಕಾಡೆಮಿ ದಾಖಲೆ ತರಿಸಿಕೊಂಡು ‘ಪರವಾಗಿಲ್ಲ’ ಎನ್ನಬಹುದು. ನಮ್ಮಲ್ಲಿ ಒಬ್ಬೊಬ್ಬ ಅಭ್ಯರ್ಥಿಯೂ ಹೀಗೆ ವಿನಾಯಿತಿ ಬೇಡುವ ಪದ್ಧತಿ ಇಲ್ಲ. ಇರುವುದು ಮೇಲ್ಮನವಿ. ನನಗೆ ಸಡಿಲಿಸಿ ಎಂದಲ್ಲ, ನೀವು ಅಳೆದದ್ದು ತಪ್ಪು, ಮತ್ತೊಮ್ಮೆ ಅಳೆಯಿರಿ ಎಂದು ಕೇಳುವ ಹಕ್ಕು. ಹಾಗಂತ ನಮ್ಮ ಸೇನೆಯ ನಿಯಮಗಳು ಎಂದೂ ಸಡಿಲವಾಗಿಲ್ಲ ಎನ್ನುವಂತಿಲ್ಲ. ನೂರು ವರ್ಷಕ್ಕೂ ಮಿಕ್ಕಿದ ಇತಿಹಾಸದಲ್ಲಿ ಹಲವು ಸಲ ಸಡಿಲವಾಗಿವೆ. ಯಾರಿಗಾಗಿ, ಯಾವಾಗ ಎಂಬುದೇ ಇಲ್ಲಿ ನೋಡಬೇಕಾದ್ದು.

ಲಾರ್ಡ್ ರಾಬರ್ಟ್ಸ್‌ನಿಂದ ಶುರು ಮಾಡೋಣ. 1881ರಿಂದ 1885ರವರೆಗೆ ಮದ್ರಾಸ್ ಸೇನೆಯ ದಂಡನಾಯಕನಾಗಿದ್ದ ಈತ ಆಮೇಲೆ 1893ರವರೆಗೆ ಇಡೀ ಭಾರತದ ಸೇನೆಯ ದಂಡನಾಯಕ. ದಕ್ಷಿಣದವರು ಯುದ್ಧಕ್ಕೆ ಹೇಳಿಸಿದ ಜನರಲ್ಲ, ಪಂಜಾಬಿಗಳು, ಗೂರ್ಖಾಗಳು, ಪಠಾಣರೇ ನಿಜವಾದ ವೀರ ಜನಾಂಗ ಎಂಬ ಸಿದ್ಧಾಂತಕ್ಕೆ ಗಟ್ಟಿ ದನಿ ಕೊಟ್ಟವನು ಇವನೇ. ಒಬ್ಬನ ಎದೆ ಅಳೆದು, ಕಣ್ಣು ನೋಡಿ ಅನ್‌ಫಿಟ್ ಅನ್ನುವುದು ಒಂದು. ಕೃಷ್ಣೆಯಿಂದ ಕನ್ಯಾಕುಮಾರಿವರೆಗಿನ ಜನರನ್ನು ಅಳೆಯದೆಯೇ ಅನ್‌ಫಿಟ್ ಅಂದುಬಿಡುವುದು ಇನ್ನೊಂದು. ಮದ್ರಾಸ್ ಸೇನೆಯ ಪಲ್ಟನ್‌ಗಳು ಒಂದೊಂದಾಗಿ ಕರಗಿದವು; 1920ರ ದಶಕ ಮುಗಿಯುವಷ್ಟರಲ್ಲಿ ಮದ್ರಾಸ್ ರೆಜಿಮೆಂಟೇ ಇಲ್ಲವಾಯಿತು.

ಇದೇ ರಾಬರ್ಟ್ಸ್ 1914ರಲ್ಲಿ ಇನ್ನೊಂದು ಕೆಲಸ ಮಾಡಿದ. ಮುಂಬಯಿಯಲ್ಲಿ ಹುಟ್ಟಿದ ಲೇಖಕ ರಡ್ಯಾರ್ಡ್ ಕಿಪ್ಲಿಂಗ್‌ನ ಮಗ ಜಾನ್‌ಗೆ ದೂರದ್ದು ಕಾಣುತ್ತಿರಲಿಲ್ಲ. ದಪ್ಪ ಗಾಜಿನ ಕನ್ನಡಕ ತೆಗೆದರೆ ಕಣ್ಣ ಮುಂದಿನದೂ ಮಸುಕು. ಸೇನೆಯ ವೈದ್ಯರು ಅವನನ್ನು ತಿರಸ್ಕರಿಸಿದರು. ಅಪ್ಪ ಹಳೆಯ ಗೆಳೆಯ ರಾಬರ್ಟ್ಸ್‌ಗೆ ಹೇಳಿದ. ರಾಬರ್ಟ್ಸ್ ಆಗ ಐರಿಷ್ ಗಾರ್ಡ್ಸ್‌ನ ಗೌರವ ಕರ್ನಲ್. ಮಹಾಯುದ್ಧ ಶುರುವಾದ ಕೆಲವೇ ವಾರಗಳಲ್ಲಿ ಹದಿನೇಳರ ಆಸುಪಾಸಿನ ಹುಡುಗನಿಗೆ ಕಮಿಷನ್ ಸಿಕ್ಕಿತು. ಮರುವರ್ಷದ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ಲೂಸ್ ಕದನದಲ್ಲಿ ಜಾನ್ ಸತ್ತ. ಆಗ ಅವನಿಗೆ ಹದಿನೆಂಟು. ಸೇನಾಧಿಕಾರಿಗೆ ಸಿಕ್ಕ ವೈದ್ಯಕೀಯ ವಿನಾಯಿತಿಗಳಲ್ಲಿ ಜಗತ್ತು ಇಂದಿಗೂ ನೆನೆಯುವ ಕಥೆ ಇದು. ಲಕ್ಷಾಂತರ ಜನರಿಗೆ ಮುಚ್ಚಿದ ಬಾಗಿಲನ್ನು ಗೆಳೆಯನ ಮಗನೊಬ್ಬನಿಗೆ ತೆರೆದ ಕೈ ಒಂದೇ ಎಂಬುದನ್ನು ಮಾತ್ರ ಯಾರೂ ಅಷ್ಟಾಗಿ ನೆನೆಯುವುದಿಲ್ಲ.

ಶಿವಮೊಗ್ಗ ಆಗ ಮೈಸೂರು ಸಂಸ್ಥಾನದ ಜಿಲ್ಲೆ. ಮಹಾರಾಜರಿಗೆ ಅವರದೇ ಸೇನೆ ಇತ್ತು. 1918ರ ಸೆಪ್ಟೆಂಬರ್ 23ರಂದು ಹೈಫಾ ಗೆದ್ದ ಸವಾರರಲ್ಲಿ ಮೈಸೂರು ಲ್ಯಾನ್ಸರ್ಸ್ ಕೂಡ ಇದ್ದರು. ಬ್ರಿಟಿಷರ ಸೇನೆಯಲ್ಲಿ ಕಿಂಗ್ಸ್ ಕಮಿಷನ್ ಪಡೆದ ಕನ್ನಡ ನಾಡಿನ ಮೊದಲಿಗರು ಬಂದದ್ದು ಕೊಡಗಿನಿಂದ. ಕೆ.ಎಂ. ಕಾರ್ಯಪ್ಪ 1919ರಲ್ಲಿ ಇಂದೋರಿನ ಡೇಲಿ ಕ್ಯಾಡೆಟ್ ಕಾಲೇಜಿನ ತಂಡದಲ್ಲಿದ್ದರು. ಕೊಡಗೂ ಮಲೆನಾಡೇ, ಶಿವಮೊಗ್ಗವೂ ಮಲೆನಾಡೇ. ಆದರೆ ಶಿವಮೊಗ್ಗದ ಕಾಡಂಚಿನ ಊರುಗಳಲ್ಲಿ ಆ ಕಾಲಕ್ಕೆ ಜನರು ಸೇನೆಗೆ ಸೇರುವುದಿರಲಿ, ಬದುಕಿ ಉಳಿಯುವುದೇ ಕಷ್ಟವಾಗಿತ್ತು.

ಕಾರಣ ಚಳಿಜ್ವರ. ಇಪ್ಪತ್ತನೇ ಶತಮಾನದ ಮೊದಲ ದಶಕಗಳ ಜನಗಣತಿಗಳಲ್ಲಿ ಮೈಸೂರಿನ ಬಯಲುಸೀಮೆ ತುಂಬುತ್ತ ಹೋದರೆ ಮಲೆನಾಡು ಕರಗುತ್ತ ಹೋಯಿತು. ಹೊಸನಗರ, ತೀರ್ಥಹಳ್ಳಿ, ಸಾಗರದ ಕಡೆ ಅಡಿಕೆ ತೋಟವಿದ್ದೂ ಆಳಿಲ್ಲದ ಮನೆಗಳು, ಆಳಿದ್ದರೂ ಮಳೆಗಾಲ ಕಳೆದ ಮೇಲೆ ಹಾಸಿಗೆ ಬಿಟ್ಟೇಳದ ಮನೆಗಳು. ದಿವಾನರಾಗಿದ್ದಾಗ ಸರ್ ಎಂ. ವಿಶ್ವೇಶ್ವರಯ್ಯನವರು ಮಲೆನಾಡು ಸುಧಾರಣೆಗೆಂದೇ ಬೇರೆ ಯೋಜನೆ ಹಾಕಬೇಕಾಗಿ ಬಂದದ್ದು ಈ ಕಾರಣಕ್ಕೇ.

ಪದೇ ಪದೇ ಚಳಿಜ್ವರ ಬಂದವರ ಹೊಟ್ಟೆಯ ಎಡಭಾಗದಲ್ಲಿ ಗುಲ್ಮ ಊದಿಕೊಳ್ಳುತ್ತದೆ. ಹಳ್ಳಿಯವರು ಅದನ್ನು ಜ್ವರಗಡ್ಡೆ ಎನ್ನುತ್ತಿದ್ದರು. ಮಕ್ಕಳ ಹೊಟ್ಟೆ ಮುಟ್ಟಿ ನೂರಕ್ಕೆ ಎಷ್ಟು ಜನರಿಗೆ ಗಡ್ಡೆ ಕೈಗೆ ಸಿಗುತ್ತದೆಂದು ಲೆಕ್ಕ ಹಾಕಿ ಊರಿನ ಮಲೇರಿಯಾ ಎಷ್ಟು ಎಂದು ಅಂದಾಜು ಮಾಡುವುದು ಆ ಕಾಲದ ಆರೋಗ್ಯ ಇಲಾಖೆಗಳ ಪದ್ಧತಿ. ಸೇನೆಯ ವೈದ್ಯರೂ ಅದೇ ಜಾಗಕ್ಕೆ ಕೈ ಹಾಕುತ್ತಾರೆ. ಅಭ್ಯರ್ಥಿ ಅಂಗಾತ ಮಲಗಿ ಮೊಣಕಾಲು ಮಡಿಸಬೇಕು, ಉಸಿರು ಜಗ್ಗಬೇಕು. ವೈದ್ಯರ ಬೆರಳುಗಳು ಎಡ ಪಕ್ಕೆಲುಬಿನ ಕೆಳಗೆ ಕಾಯುತ್ತಿರುತ್ತವೆ. ಗುಲ್ಮ ದೊಡ್ಡದಾಗಿದ್ದರೆ ಉಸಿರಿನ ಜೊತೆ ಇಳಿದು ಬಂದು ಬೆರಳಿಗೆ ತಾಗುತ್ತದೆ. ಇಂದಿನ ನಿಯಮದಲ್ಲೂ ಬೆರಳಿಗೆ ಸಿಕ್ಕ ಗುಲ್ಮ, ಇಲ್ಲವೇ ಅಲ್ಟ್ರಾಸೌಂಡಿನಲ್ಲಿ 13 ಸೆಂಟಿಮೀಟರಿಗಿಂತ ಉದ್ದ ಕಂಡ ಗುಲ್ಮ ಅನರ್ಹತೆಗೆ ಕಾರಣ. ಆ ಕಾಲದ ಮಲೆನಾಡಿನ ಎಷ್ಟು ಹೊಟ್ಟೆಗಳು ಈ ಬೆರಳನ್ನು ದಾಟುತ್ತಿದ್ದವು ಎಂದು ಯೋಚಿಸಿದರೆ ‘ವೀರ ಜನಾಂಗ’ದ ಸಿದ್ಧಾಂತ ಎಷ್ಟು ಪೊಳ್ಳು ಎಂಬುದು ತಿಳಿಯುತ್ತದೆ. ಕುಂದು ರಕ್ತದ್ದಲ್ಲ, ಸೊಳ್ಳೆಯದು.

ಭದ್ರಾವತಿ ಬೆಳೆದದ್ದು ಇದೇ ಮಲೆನಾಡಿನ ಅಂಚಿನಲ್ಲಿ. ಬೆಂಕಿಪುರ ಎಂದು ಕರೆಸಿಕೊಳ್ಳುತ್ತಿದ್ದ ಸಣ್ಣ ಊರು 1923ರಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆಯ ಕುಲುಮೆ ಹೊತ್ತಿಕೊಂಡ ಮೇಲೆ ಪಟ್ಟಣವಾಯಿತು. ಕೆಮ್ಮಣ್ಣುಗುಂಡಿಯ ಅದಿರು, ಸುತ್ತಲ ಕಾಡಿನ ಸೌದೆಯ ಇದ್ದಿಲು, ತಮಿಳು, ತೆಲುಗು, ಮಲಯಾಳ ಸೀಮೆಗಳಿಂದ ಬಂದ ಕೆಲಸಗಾರರು. 1936ರಲ್ಲಿ ಕಾಗದದ ಕಾರ್ಖಾನೆ, ಎಂಪಿಎಂ, ಸೇರಿಕೊಂಡಿತು. 1948ರ ಕಾರ್ಖಾನೆ ಕಾಯ್ದೆ ಬಂದ ಮೇಲೆ ಹದಿಹರೆಯದವರು ಕಾರ್ಖಾನೆಯ ಗೇಟು ದಾಟಬೇಕಾದರೆ ಸರ್ಕಾರ ನೇಮಿಸಿದ ಸರ್ಜನ್ ಫಿಟ್‌ನೆಸ್ ಸರ್ಟಿಫಿಕೇಟ್ ಕೊಡಬೇಕಾಯಿತು. ಹೀಗೆ ಮೈ ತೋರಿಸಿ ಕೆಲಸ ಪಡೆಯುವುದು ಈ ಊರಿಗೆ ಸೇನೆಯಿಂದ ಬಂದ ಪಾಠವಲ್ಲ, ಕುಲುಮೆಯಿಂದ ಬಂದದ್ದು. ಕಾರ್ಖಾನೆ ಒಪ್ಪುವ ಮೈಗೂ ಸೇನೆ ಒಪ್ಪುವ ಮೈಗೂ ಅಂತರ ಮಾತ್ರ ಬಹಳ. ಗೇಟಿನೊಳಗೆ ಕನ್ನಡಕ ಹಾಕಿಕೊಂಡು ಮೂವತ್ತು ವರ್ಷ ದುಡಿಯಬಹುದಿತ್ತು.

1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಬಂತು, 1958ರಲ್ಲಿ ನಿರ್ಮೂಲನ ಕಾರ್ಯಕ್ರಮ. ಪಂಪು ಹೊತ್ತವರು ಮನೆ ಮನೆಗೆ ಡಿಡಿಟಿ ಹೊಡೆದು ಗೋಡೆಯ ಮೇಲೆ ತಾರೀಕು ಬರೆದು ಹೋದರು. ಮಲೆನಾಡಿನ ಜನಸಂಖ್ಯೆ ಮೇಲೇರತೊಡಗಿತು, ಜ್ವರಗಡ್ಡೆಯ ಮಕ್ಕಳು ಕಡಿಮೆಯಾದರು. ಯಾವ ನಿಯಮವೂ ಬದಲಾಗದೆ, ಯಾರೂ ವಿನಾಯಿತಿ ಕೇಳದೆ, ಒಂದು ಇಡೀ ತಲೆಮಾರು ಸೇನೆಯ ಮೆಡಿಕಲ್‌ನ ಒಂದು ಕಲಮನ್ನು ದಾಟಿತು.

ಗುಲ್ಮದ ಗೋಳು ಕಳೆದ ಮೇಲೆ ಉಳಿದದ್ದು ಕಣ್ಣಿನದು. ಗೋಡೆಗೆ ನೇತುಹಾಕಿದ ಅಕ್ಷರಗಳ ಹಲಗೆ 1862ರಲ್ಲಿ ಡಚ್ ವೈದ್ಯ ಹರ್ಮನ್ ಸ್ನೆಲೆನ್ ರೂಪಿಸಿದ್ದು. ಆರು ಮೀಟರ್ ದೂರದಲ್ಲಿ ನಿಂತು, ಒಂದು ಕಣ್ಣು ಮುಚ್ಚಿ, ಕೆಳಗಿನ ಸಾಲು ಓದಬೇಕು. ಬಣ್ಣದ ಚುಕ್ಕಿಗಳ ನಡುವೆ ಅಡಗಿದ ಅಂಕಿ ಗುರುತಿಸುವ ಪುಸ್ತಕವಂತೂ ಹುಟ್ಟಿದ್ದೇ ಸೇನೆಗಾಗಿ. ಜಪಾನಿನ ಸೇನಾ ವೈದ್ಯ ಶಿನೊಬು ಇಶಿಹಾರ ನೇಮಕಾತಿಗೆ ಬಂದವರಲ್ಲಿ ಬಣ್ಣಗುರುಡು ಇರುವವರನ್ನು ಹುಡುಕಲೆಂದು ಮಾಡಿ 1917ರಲ್ಲಿ ಅಚ್ಚು ಹಾಕಿಸಿದ್ದು ಅದು. ಇಂದು ಶಿವಮೊಗ್ಗದ ಕಣ್ಣಾಸ್ಪತ್ರೆಗಳಲ್ಲೂ ಡ್ರೈವಿಂಗ್ ಲೈಸೆನ್ಸಿಗೆ, ರೈಲ್ವೆ ಕೆಲಸಕ್ಕೆ ಅದೇ ಚುಕ್ಕಿಗಳು. ಕೆಂಪು ಹಸಿರು ಬೇರೆಯಾಗಿ ಕಾಣದಿರುವುದು ಹೆಚ್ಚಾಗಿ ಹುಟ್ಟಿನಿಂದ ಬರುವಂಥದ್ದು, ಹೆಣ್ಣಿಗಿಂತ ಗಂಡಿನಲ್ಲಿ ಬಹಳ ಹೆಚ್ಚು. ಅದಕ್ಕೆ ಮದ್ದಿಲ್ಲ. ತನಗೆ ಹಾಗಿದೆ ಎಂಬುದು ಎಷ್ಟೋ ಹುಡುಗರಿಗೆ ಗೊತ್ತಾಗುವುದೇ ಮಿಲಿಟರಿ ಆಸ್ಪತ್ರೆಯಲ್ಲಿ.

ಮಿಕ್ಕ ಅಳತೆಗಳೂ ಕೇಳುವಂತಿವೆ. ಅಭ್ಯರ್ಥಿ ಬೆನ್ನು ತಿರುಗಿಸಿ ನಿಲ್ಲುತ್ತಾನೆ. ವೈದ್ಯರು 610 ಸೆಂಟಿಮೀಟರ್ ದೂರದಿಂದ ಪಿಸುಮಾತು ಆಡುತ್ತಾರೆ. ಒಂದೊಂದೇ ಕಿವಿಯಿಂದ ಅದು ಕೇಳಬೇಕು. ಇಂಗ್ಲಿಷರ ಇಪ್ಪತ್ತು ಅಡಿಯೇ ಮೆಟ್ರಿಕ್ ಪದ್ಧತಿಗೆ ಬಂದು 610 ಆಗಿದೆ. ಹಲ್ಲುಗಳಿಗೆ ಅಂಕ ಕೊಡುತ್ತಾರೆ, ಕನಿಷ್ಠ 14 ಬರಬೇಕು. ಎರಡು ಮೊಣಕಾಲು ತಾಗಿಸಿ ನಿಂತಾಗ ಕಾಲಿನ ಹರಡುಗಳ ನಡುವೆ 5 ಸೆಂಟಿಮೀಟರಿಗಿಂತ ಹೆಚ್ಚು ಜಾಗ ಉಳಿದರೆ ಅದು ‘ನಾಕ್ ನೀ’. ಚಪ್ಪಟೆ ಪಾದದ ವಿಷಯದಲ್ಲಿ ಮಾತ್ರ ನಿಯಮ ತಾನೇ ಒಂದು ಕಿಂಡಿ ಬಿಟ್ಟಿದೆ. ತುದಿಗಾಲಲ್ಲಿ ನಿಂತಾಗ ಪಾದದ ಕಮಾನು ಮೂಡಿದರೆ, ನೋವಿಲ್ಲದೆ ಕುಪ್ಪಳಿಸಿ ಓಡಿದರೆ, ಚಪ್ಪಟೆಯಾಗಿದ್ದರೂ ಆ ಪಾದ ಫಿಟ್.

ನಿಯಮಗಳು ದೊಡ್ಡ ಮಟ್ಟದಲ್ಲಿ ಸಡಿಲವಾದದ್ದು ಸೇನೆಗೆ ಜನ ಸಾಲದೆ ಹೋದಾಗ. 1914ರ ಕೊನೆಗೆ ಇಂಗ್ಲೆಂಡಿನ ಬರ್ಕನ್‌ಹೆಡ್‌ನಲ್ಲಿ ಐದು ಅಡಿ ಮೂರು ಇಂಚಿಗಿಂತ ಕುಳ್ಳಗಿದ್ದವರಿಗೆಂದೇ ಬೇರೆ ಪಲ್ಟನ್‌ಗಳನ್ನು ಕಟ್ಟಿದರು. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಭಾರತಕ್ಕೆ ಅದೇ ಗತಿ ಬಂತು. ಯುದ್ಧಕ್ಕೆ ಹೇಳಿಸಿದವರಲ್ಲ ಎಂದು ಕಳಿಸಿಬಿಟ್ಟಿದ್ದ ದಕ್ಷಿಣದವರಿಂದಲೇ ಮದ್ರಾಸ್ ರೆಜಿಮೆಂಟನ್ನು ಮತ್ತೆ ಕಟ್ಟಬೇಕಾಯಿತು. ಮೈಸೂರು ಸಂಸ್ಥಾನದ ಕಾಲಾಳು ಪಡೆ ಸಿಂಗಪುರದ ರಕ್ಷಣೆಗೆ ಹೋಗಿ 1942ರಲ್ಲಿ ಜಪಾನೀಯರಿಗೆ ಸೆರೆಸಿಕ್ಕಿತು. 1943ರಲ್ಲಿ ಡೆಹ್ರಾಡೂನಿನಲ್ಲಿ ಶುರುವಾದ ಅಧಿಕಾರಿ ಆಯ್ಕೆ ಮಂಡಳಿ ಇವತ್ತಿನ ಎಸ್‌ಎಸ್‌ಬಿಗೆ ಮೂಲ. ಯಾವ ಮನೆತನದವನು ಎಂದು ಕೇಳುವ ಬದಲು ಏನು ಮಾಡಬಲ್ಲ ಎಂದು ನೋಡುವ ಪದ್ಧತಿ ಅಲ್ಲಿಂದ ಬಂತು. ಸ್ವಾತಂತ್ರ್ಯದ ನಂತರ ಸಂಸ್ಥಾನದ ಪಡೆಗಳು ಭಾರತದ ಸೇನೆಯಲ್ಲಿ ಸೇರಿಹೋದವು. ಮೈಸೂರು ಕಾಲಾಳು ಪಡೆ 18 ಮದ್ರಾಸ್ ಆಯಿತು, ಲ್ಯಾನ್ಸರ್ಸ್ 61ನೇ ಕ್ಯಾವಲ್ರಿಯಲ್ಲಿ ಬೆರೆತರು.

ಶಿವಮೊಗ್ಗದ ಕಾಲೇಜುಗಳಿಗೆ ಸೇನೆ ಹತ್ತಿರವಾದದ್ದು 1962ರ ಚೀನಾ ಯುದ್ಧದ ಪೆಟ್ಟಿನ ಮೇಲೆ. ಅಧಿಕಾರಿಗಳು ತುರ್ತಾಗಿ ಬೇಕಾಗಿದ್ದರು. 1963ರ ಜನವರಿಯಲ್ಲಿ ಮದ್ರಾಸಿನಲ್ಲಿ ಆಫೀಸರ್ಸ್ ಟ್ರೈನಿಂಗ್ ಸ್ಕೂಲ್ ತೆರೆಯಿತು, ಪುಣೆಯಲ್ಲಿ ಇನ್ನೊಂದು. ಪದವೀಧರರು, ಗುಮಾಸ್ತರು, ಮೇಷ್ಟರುಗಳು ಕೆಲವೇ ತಿಂಗಳ ತರಬೇತಿ ಪಡೆದು ಎಮರ್ಜೆನ್ಸಿ ಕಮಿಷನ್ ಹಾಕಿಕೊಂಡರು. ಅದೇ 1963ರಲ್ಲಿ ಕಾಲೇಜು ಹುಡುಗರಿಗೆ ಎನ್‌ಸಿಸಿ ಕಡ್ಡಾಯವಾಯಿತು, ಐದು ವರ್ಷ ಹಾಗೇ ಇತ್ತು. 1940ರಿಂದ ಇದ್ದ ಸಹ್ಯಾದ್ರಿ ಕಾಲೇಜಿನ ಹುಡುಗರೂ ಖಾಕಿ ತೊಟ್ಟು ಪರೇಡು ಮಾಡಿದ ಕಾಲ ಅದು. ಬಿಜಾಪುರದ ಸೈನಿಕ ಶಾಲೆ ಶುರುವಾದದ್ದೂ 1963ರ ಸೆಪ್ಟೆಂಬರಿನಲ್ಲೇ. ಹತ್ತು ಹನ್ನೊಂದರ ವಯಸ್ಸಿಗೇ ಮೆಡಿಕಲ್ ಮುಗಿಸಿ ಆ ಶಾಲೆ ಸೇರಿದ ಮಗುವಿಗೆ ತನ್ನ ಕಣ್ಣು, ಪಾದಗಳ ಸುದ್ದಿ ಹದಿನೆಂಟನೇ ವರ್ಷದವರೆಗೆ ಕಾಯುವುದಿಲ್ಲ. ಊರಿನ ಕಾಲೇಜಿನಲ್ಲಿ ಓದಿದ ಹುಡುಗನಿಗೂ ಅವನಿಗೂ ಇರುವ ದೊಡ್ಡ ವ್ಯತ್ಯಾಸ ಇದೇ.

ಇನ್ನೊಂದು ಸಂಗತಿ ಶಿವಮೊಗ್ಗದಲ್ಲಿ ಬಹಳ ಮಂದಿಗೆ ತಿಳಿದಿಲ್ಲ. ಕರ್ನಾಟಕದಿಂದ ಜವಾನನಾಗಿ ಸೇರಲು ಬೇಕಾದ ಸಾಮಾನ್ಯ ಎತ್ತರ 166 ಸೆಂಟಿಮೀಟರ್. ಎನ್‌ಡಿಎ ಮೂಲಕ ಭೂಸೇನೆಯ ಅಧಿಕಾರಿಯಾಗಲು ಗಂಡುಮಕ್ಕಳಿಗೆ ಕನಿಷ್ಠ 157 ಸಾಕು. ರ್‍ಯಾಲಿಯಲ್ಲಿ ಎತ್ತರದ ಕಂಬದ ಕೆಳಗೆ ನಿಂತು ಹಿಂದಿರುಗಿದ ಹುಡುಗ, ನನಗೆ ಸೇನೆಯ ಋಣವಿಲ್ಲ ಎಂದುಕೊಂಡು ಅಧಿಕಾರಿ ಪರೀಕ್ಷೆಯ ಅರ್ಜಿಯನ್ನೇ ಹಾಕದಿದ್ದರೆ ತಪ್ಪು ಲೆಕ್ಕ ಹಾಕಿದಂತೆ. ಎತ್ತರದಲ್ಲಿ ಗುಂಪು ಗುಂಪಿಗೇ ವಿನಾಯಿತಿಯೂ ಉಂಟು. ಗೂರ್ಖಾಗಳು, ಈಶಾನ್ಯದ ಗುಡ್ಡಗಾಡಿನವರು, ಗಡ್ವಾಲಿ, ಕುಮಾವೂನಿಗಳಿಗೆ 5 ಸೆಂಟಿಮೀಟರ್, ಲಕ್ಷದ್ವೀಪದವರಿಗೆ 2. ಜವಾನರ ನೇಮಕದಲ್ಲಿ ಮಾಜಿ ಸೈನಿಕರ ಮಕ್ಕಳಿಗೆ 2 ಸೆಂಟಿಮೀಟರ್ ಎತ್ತರ, 1 ಸೆಂಟಿಮೀಟರ್ ಎದೆ, 2 ಕಿಲೋ ತೂಕದ ಸಡಿಲಿಕೆ. ಸಹ್ಯಾದ್ರಿಯ ಗುಡ್ಡದವರಿಗೆ ಮಾತ್ರ ಅಧಿಕಾರಿ ನೇಮಕದಲ್ಲಿ ಗುಡ್ಡದ ವಿನಾಯಿತಿ ಇಲ್ಲ.

ಸೇರುವಾಗ ಇಷ್ಟು ಬಿಗಿಯಾದ ಸೇನೆ, ಸೇರಿದವರ ವಿಷಯದಲ್ಲಿ ಬೇರೆಯದೇ ಮುಖ ತೋರಿಸಿದೆ. 1975ರಿಂದ 1978ರವರೆಗೆ ಸೇನಾ ಮುಖ್ಯಸ್ಥರಾಗಿದ್ದ ಜನರಲ್ ಟಿ.ಎನ್. ರೈನಾ ಎರಡನೇ ಮಹಾಯುದ್ಧದಲ್ಲಿ ಒಂದು ಕಣ್ಣು ಕಳೆದುಕೊಂಡವರು. ಉಳಿದ ಒಂದೇ ಕಣ್ಣಿನೊಂದಿಗೆ ಎನ್‌ಡಿಎ ಮೆಡಿಕಲ್‌ಗೆ ನಿಂತಿದ್ದರೆ ಮೊದಲ ಗಂಟೆಯಲ್ಲೇ ಮನೆಗೆ. 1971ರ ಯುದ್ಧದಲ್ಲಿ ನೆಲಬಾಂಬು ತುಳಿದು, ಜಜ್ಜಿಹೋದ ಕಾಲನ್ನು ತಾನೇ ಖುಕ್ರಿಯಿಂದ ಕತ್ತರಿಸಿಕೊಂಡ ಗೂರ್ಖಾ ರೈಫಲ್ಸ್‌ನ ಇಯಾನ್ ಕಾರ್ಡೋಜೊ ಮರದ ಕಾಲಿನಲ್ಲಿ ಮತ್ತೆ ಪರೀಕ್ಷೆಗಳಿಗೆ ನಿಂತರು. ಬೆಟಾಲಿಯನ್ನನ್ನೂ ಆಮೇಲೆ ಬ್ರಿಗೇಡನ್ನೂ ನಡೆಸಿದ ಮೊದಲ ಯುದ್ಧವಿಕಲಾಂಗ ಅಧಿಕಾರಿ ಅವರು. ಅವರ ಅರ್ಜಿಗೆ ಒಪ್ಪಿಗೆ ಕೊಡಿಸಿದ್ದು ಅದೇ ಒಕ್ಕಣ್ಣಿನ ರೈನಾ. ಮುಂದೆ ಕಾರ್ಡೋಜೊ ಮೇಜರ್ ಜನರಲ್ ಆದರು.

ಹೊಸಬರ ಪಾಲಿಗೆ ಬಾಗಿಲು ಅಗಲಿಸಿದ್ದು ವೈದ್ಯವಿಜ್ಞಾನ. ಕನ್ನಡಕ ಬಿಡಿಸುವ ಲೇಸಿಕ್ ಶಸ್ತ್ರಚಿಕಿತ್ಸೆ ಮೊದಮೊದಲು ಅನರ್ಹತೆಯೇ ಆಗಿತ್ತು. ಈಗ ಪದವಿ ಮುಗಿಸಿ ಬರುವವರಿಗೆ ಷರತ್ತಿನ ಮೇಲೆ ಒಪ್ಪಿಗೆ ಇದೆ. ಶಸ್ತ್ರಚಿಕಿತ್ಸೆ ಆಗುವಾಗ ವಯಸ್ಸು ಇಪ್ಪತ್ತು ದಾಟಿರಬೇಕು, ಆಗಿ ಹನ್ನೆರಡು ತಿಂಗಳು ಕಳೆದಿರಬೇಕು, ಕಾರ್ನಿಯಾದ ನಡುವಿನ ದಪ್ಪ 450 ಮೈಕ್ರಾನಿಗೆ ಕಡಿಮೆ ಇರಬಾರದು, ಕಣ್ಣುಗುಡ್ಡೆಯ ಉದ್ದ 26 ಮಿಲಿಮೀಟರ್ ಮೀರಬಾರದು. ಎನ್‌ಡಿಎಗೆ ಹೋಗುವವರು ಇಪ್ಪತ್ತರೊಳಗಿನವರು, ಅವರಿಗೆ ಇದು ಸಲ್ಲದು. ಹಾಗಾಗಿ ಪಿಯುಸಿಯಲ್ಲೇ ಅವಸರ ಬಿದ್ದು ಲೇಸಿಕ್ ಮಾಡಿಸಿಕೊಂಡವನು ಎನ್‌ಡಿಎಯನ್ನೂ ಕಳೆದುಕೊಳ್ಳುತ್ತಾನೆ, ವಯಸ್ಸಿನ ಷರತ್ತಿನಿಂದಾಗಿ ಸಿಡಿಎಸ್ಸನ್ನೂ ಕಳೆದುಕೊಳ್ಳುತ್ತಾನೆ.

ಇನ್ನು ಮೇಲ್ಮನವಿ. ಮೊದಲ ವಿಶೇಷ ವೈದ್ಯಕೀಯ ಮಂಡಳಿ ಅನ್‌ಫಿಟ್ ಎಂದರೆ, ಯಾವ ಕಮಾಂಡ್ ಆಸ್ಪತ್ರೆಗೆ ಹೋಗಬೇಕೆಂದು ಅದರ ಅಧ್ಯಕ್ಷರೇ ತಿಳಿಸುತ್ತಾರೆ. 42 ದಿನದೊಳಗೆ ಅಪೀಲ್ ಮೆಡಿಕಲ್ ಮುಗಿಯಬೇಕು. ಟಾನ್ಸಿಲ್, ಮೂಲವ್ಯಾಧಿ, ಹೈಡ್ರೋಸೀಲ್‌ಗೆ ಶಸ್ತ್ರಚಿಕಿತ್ಸೆ ಮಾಡಿಸಿ, ಗಾಯ ಮಾಗಿಸಿ, ತೂಕ ಇಳಿಸಿ ಹಾಜರಾಗಲು ಇರುವುದು ಇಷ್ಟೇ ದಿನ. ಅಲ್ಲೂ ಅನ್‌ಫಿಟ್ ಆದರೆ ಒಂದೇ ದಿನದೊಳಗೆ ಪುನರ್‌ಪರಿಶೀಲನಾ ಮಂಡಳಿಗೆ ಮನವಿ ಕೊಡಬೇಕು. ಅದು ಹಕ್ಕಲ್ಲ; ಸಶಸ್ತ್ರ ಪಡೆಗಳ ವೈದ್ಯಕೀಯ ಸೇವೆಯ ಮಹಾನಿರ್ದೇಶಕರು ಪ್ರಕರಣದಲ್ಲಿ ಹುರುಳಿದೆ ಎಂದು ಕಂಡರೆ ಮಾತ್ರ ಕೊಡುವಂಥದ್ದು. ನಡೆಯುವುದು ದೆಹಲಿಯಲ್ಲಿ ಇಲ್ಲವೇ ಪುಣೆಯಲ್ಲಿ. ಭದ್ರಾವತಿಯ ಕೂಲಿಕಾರನ ಮಗನಿಗೆ ಆ ಒಂದು ದಿನದಲ್ಲಿ ಮನವಿ ಬರೆದುಕೊಡುವವರು ಯಾರು? ಈ ಪ್ರಶ್ನೆಗೆ ನಿಯಮದಲ್ಲಿ ಉತ್ತರವಿಲ್ಲ.

ನ್ಯಾಯಾಲಯಗಳು ವೈದ್ಯರ ಮಂಡಳಿಯ ತೀರ್ಪನ್ನು ಸುಲಭಕ್ಕೆ ಅಲುಗಿಸುವುದಿಲ್ಲ. ಆದರೆ ಸೇರುವಾಗಿನ ಮೆಡಿಕಲ್ ಕಾಗದಕ್ಕೆ ಎಷ್ಟು ಬೆಲೆ ಎಂಬುದನ್ನು 2013ರ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಸೇರುವಾಗ ದಾಖಲೆಯಲ್ಲಿ ಕಾಯಿಲೆ ಬರೆದಿಲ್ಲವೆಂದರೆ, ಆಮೇಲೆ ಬಂದ ಕಾಯಿಲೆ ಸೇವೆಯಿಂದಲೇ ಬಂದದ್ದು ಎಂದು ಭಾವಿಸಬೇಕು. ಅಲ್ಲ ಎಂದು ತೋರಿಸುವ ಹೊಣೆ ಸರ್ಕಾರದ್ದು. ಹುಡುಗನನ್ನು ಬಾಗಿಲಲ್ಲಿ ತಡೆಯುವ ಕಾಗದವೇ ಒಳಗೆ ಹೋದ ಮೇಲೆ ಅವನ ಪಿಂಚಣಿಗೆ ಆಧಾರ. ಇರುವ ಕಾಯಿಲೆ ಮುಚ್ಚಿಟ್ಟು ಸೇರಿದವನು ಆ ಆಧಾರವನ್ನು ತಾನೇ ಕಿತ್ತುಕೊಂಡಂತೆ.

ತರಬೇತಿಯ ನಡುವೆಯೇ ಪೆಟ್ಟು ತಿಂದು ಮನೆಗೆ ಬಂದವರ ಸ್ಥಿತಿ ಇದಕ್ಕಿಂತ ಕಷ್ಟ. ಕ್ಯಾಡೆಟ್ ಇನ್ನೂ ಅಧಿಕಾರಿಯಲ್ಲ, ಹಾಗಾಗಿ ಮಾಜಿ ಸೈನಿಕನೂ ಅಲ್ಲ. ಸೈನಿಕರಿಗೆ ಸಿಗುವ ಚಿಕಿತ್ಸೆ, ಪಿಂಚಣಿ ಇವರಿಗೆ ಸಿಗುತ್ತಿರಲಿಲ್ಲ. ಸೇರುವಾಗ ಅಷ್ಟೆಲ್ಲ ಅಳೆದು ಫಿಟ್ ಎಂದು ಒಪ್ಪಿಕೊಂಡ ಮೈ ತರಬೇತಿಯಲ್ಲಿ ಮುರಿದರೆ ಅದರ ಹೊಣೆ ಯಾರದು? 2025ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಈ ವಿಷಯವನ್ನು ತಾನಾಗಿ ಕೈಗೆತ್ತಿಕೊಂಡಿತು. ಪೀಠದ ಮುಖ್ಯಸ್ಥೆ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ. ಅದೇ ತಿಂಗಳ ಕೊನೆಗೆ ಇಂಥ ಕ್ಯಾಡೆಟ್‌ಗಳಿಗೆ ಮಾಜಿ ಸೈನಿಕರ ಆರೋಗ್ಯ ಯೋಜನೆ ಅನ್ವಯವಾಯಿತು.

ಹೆಣ್ಣುಮಕ್ಕಳ ಕಥೆಯಲ್ಲೂ ಕೋರ್ಟೇ ಮುಂದೆ. 1992ರಿಂದ ಅಲ್ಪಾವಧಿ ಸೇವೆಗೆ ಬರುತ್ತಿದ್ದ ಅವರಿಗೆ ಎನ್‌ಡಿಎ ಬಾಗಿಲು ತೆರೆದದ್ದು 2021ರ ಆಗಸ್ಟಿನ ಮಧ್ಯಂತರ ಆದೇಶದಿಂದ. ಅವರಿಗೆ ಬೇರೆ ವೈದ್ಯಕೀಯ ಮಾನದಂಡವನ್ನೇ ಇನ್ನೂ ಮಾಡಿಲ್ಲ ಎಂಬುದು ಸರ್ಕಾರ ಆಗ ಕಾಲಾವಕಾಶಕ್ಕೆ ಕೊಟ್ಟ ಕಾರಣಗಳಲ್ಲಿ ಒಂದು. ಕೋರ್ಟ್ ಪರೀಕ್ಷೆಯನ್ನು ಮುಂದೂಡಲು ಒಪ್ಪಲಿಲ್ಲ. ಕನಿಷ್ಠ ಎತ್ತರ 152 ಸೆಂಟಿಮೀಟರಿನ ಮಾನದಂಡದೊಂದಿಗೆ ಹೆಣ್ಣುಮಕ್ಕಳು ಪರೀಕ್ಷೆಗೆ ಕೂತರು. 2025ರ ಮೇ 30ರಂದು ಖಡಕ್‌ವಾಸ್ಲಾದ ಅಕಾಡೆಮಿಯ ಪರೇಡಿನಲ್ಲಿ ಮೊದಲ 17 ಯುವತಿಯರು ಹೊರಬಂದರು.

ಭದ್ರಾವತಿಯಲ್ಲಿ ಎಂಪಿಎಂ 2015ರಲ್ಲಿ ನಿಂತಿತು. ಹಳೆಯ ಮೈಸೂರು ಕಬ್ಬಿಣದ ಕಾರ್ಖಾನೆಯೇ ಆದ ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿದ್ದು ಕೆಲಸಗಾರರು ಬೀದಿಗಿಳಿದರು. ಅಪ್ಪ ದುಡಿದ ಗೇಟಿನೊಳಗೆ ಮಗನಿಗೆ ಜಾಗವಿಲ್ಲವಾದ ಊರಿನಲ್ಲಿ ಸಮವಸ್ತ್ರದ ಕೆಲಸಕ್ಕೆ ಬೆಲೆ ಹೆಚ್ಚಿದ್ದರೆ ಆಶ್ಚರ್ಯವಿಲ್ಲ. 2021ರ ಜನವರಿ 16ರಂದು ಇದೇ ಊರಿನ ಬುಳ್ಳಾಪುರದಲ್ಲಿ ಕ್ಷಿಪ್ರ ಕಾರ್ಯಪಡೆಯ 97ನೇ ಬೆಟಾಲಿಯನ್‌ಗೆ ಶಂಕುಸ್ಥಾಪನೆ ಆಗಿದೆ. ಅಂಥ ಪಡೆಗಳ ನೇಮಕದಲ್ಲೂ ಮೆಡಿಕಲ್ ಇದೆ, ಮರುಪರೀಕ್ಷೆ ಇದೆ.

ಇಷ್ಟು ನೋಡಿದರೆ ಲೆಕ್ಕ ಸ್ಪಷ್ಟ. ನಿಯಮ ಸಡಿಲವಾದದ್ದು ಒಮ್ಮೆ ವಶೀಲಿಗೆ, ಕೆಲವು ಸಲ ಯುದ್ಧದ ತುರ್ತಿಗೆ, ಆಮೇಲೆ ವಿಜ್ಞಾನಕ್ಕೆ, ಈಚೆಗೆ ಕಾನೂನಿಗೆ. ವೈದ್ಯರ ಮೇಜಿನ ಮುಂದೆ ಕೈಮುಗಿದವನಿಗೆ ಸಡಿಲವಾಗುವ ವ್ಯವಸ್ಥೆ ಇಲ್ಲಿಲ್ಲ. ಆದ್ದರಿಂದ ಊರಿನಲ್ಲೇ ಮುಂಚೆ ಆಗಬೇಕಾದ ಕೆಲಸವೇ ದೊಡ್ಡದು. ಶಿವಮೊಗ್ಗದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿದೆ, ಮೆಗ್ಗಾನ್ ಇದೆ, ಸೈನಿಕ ಕಲ್ಯಾಣ ಇಲಾಖೆಯ ಕಚೇರಿ ಇದೆ, ಕಾಲೇಜುಗಳಲ್ಲಿ ಎನ್‌ಸಿಸಿ ಇದೆ. ಇವು ನಾಲ್ಕೂ ಸೇರಿ ವರ್ಷಕ್ಕೊಮ್ಮೆ ಪಿಯುಸಿ ಮಕ್ಕಳ ಕಣ್ಣು, ಕಿವಿ, ಮೊಣಕಾಲು, ಪಾದ ನೋಡುವ ಒಂದು ಶಿಬಿರ ನಡೆಸಲಿ. ಸೇನೆಯ ಮಾನದಂಡಗಳನ್ನೂ 42 ದಿನದ ಅಪೀಲಿನ ಕ್ರಮವನ್ನೂ ಕನ್ನಡದಲ್ಲಿ ಅಚ್ಚು ಹಾಕಿಸಿ ಕೈಗೆ ಕೊಡಲಿ. ಗುಗ್ಗೆ ತೆಗೆಸಲು ಬೇಕಾದ ಹತ್ತು ನಿಮಿಷ ಊರಿನ ಕಿವಿ ಡಾಕ್ಟರ ಬಳಿ ಯಾವತ್ತೂ ಇರುತ್ತದೆ.